ಬರೆಯುವವರು ಎಷ್ಟು ಜನ

ಟಿ. ದಾಸರಹಳ್ಳಿ, ಬೆಂಗಳೂರು
೧೭ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ಮೇಘಾ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಮಗಳು ಮಲಗುತ್ತಾಳೆಯೇ, ಇಲ್ಲ ಇನ್ನೂ ಮನೆಮಂದಿಯನ್ನೆಲ್ಲ ಸುತ್ತ ಕೂರಿಸಿಕೊಳ್ಳುತ್ತಾಳೆಯೇ? ಸ್ನಾನಕ್ಕೆ ತೀರ ಸುಡುವ ನೀರು ಹಾಕಿಸಿಕೊಳ್ಳಬೇಡ. ಸಾಂಬ್ರಾಣಿ ಹೊಗೆಯನ್ನು ಮಗುವಿನ ಹತ್ತಿರ ಹಿಡಿಯಬಾರದು ಎಂದು ಇಲ್ಲಿನ ಡಾಕ್ಟರು ಹೇಳಿದ್ದನ್ನು ಅತ್ತೆಯವರಿಗೆ ನೆನಪಿಸು, ನಾನು ಹೇಳಿದೆ ಎಂದು ಮಾತ್ರ ಹೇಳಬೇಡ. ದಿನಾ ಸಂಜೆ ಫೋನ್ ಮಾಡುತ್ತೇನೆ ನಿಜ, ಆದರೆ ಅದನ್ನು ಮಾತು ಎನ್ನುವುದು ಹೇಗೆ? ಬಾಣಂತಿ ಕಣ್ಣಿಗೆ ಮೊಬೈಲಿನ ಬೆಳಕು ಬೀಳಬಾರದು ಎಂದು ನಿನ್ನ ಫೋನನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದ್ದಾರೆ. ಅತ್ತೆಯವರು ತಮ್ಮ ಫೋನಿನ ಸ್ಪೀಕರ್ ಹಾಕಿ ನಡುವೆ ಹಿಡಿದು ಕೂರುತ್ತಾರೆ. ನೀನು ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಹ್ಞೂಂ ಅನ್ನುತ್ತೀಯ. ನಾನು ಊಟ ಆಯ್ತಾ ಅನ್ನುತ್ತೇನೆ, ಮುಗಿಯಿತು. ಕಾಗದವಾದರೆ ಓದಬಹುದಂತೆ, ಕಾಗದ ಕಣ್ಣಿಗೆ ಹೊಡೆಯುವುದಿಲ್ಲವಂತೆ. ಅಷ್ಟಕ್ಕೆ ಒಪ್ಪಿದ್ದಾರೆ. ಕನ್ನಡಕ ಹಾಕಿಕೊಂಡರೂ ನನ್ನ ಅಕ್ಷರ ಅವರಿಗೆ ಹತ್ತುವುದಿಲ್ಲ, ಅದೊಂದು ಧೈರ್ಯ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನ ಬರವಣಿಗೆ ನಿನಗೆ ಹೊಸದಲ್ಲ. ತಪ್ಪು ತಿದ್ದಲು ಪೆನ್ನು ಹುಡುಕಬೇಡ, ಸುಮ್ಮನೆ ಓದು.

ಹಾಲು ಕುಡಿಸುವವಳಿಗೆ ಆಫೀಸಿನ ಚಿಂತೆ ಹಚ್ಚಬೇಡ ಎಂದು ಅಮ್ಮ ಹೇಳಿದ್ದಾಳೆ. ಹಚ್ಚಬಾರದು ಎಂದೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆ. ಶೇಖರಪ್ಪನವರ ಕಾರ್ಖಾನೆಯ ಹೊಸ ತಗಡು ಒತ್ತುವ ಪ್ರೆಸ್ ಮಷಿನ್ನಿಗೆ ಸಹಾಯದ ಪುಟಗಳನ್ನು ಬರೆದುಕೊಡಬೇಕಿತ್ತಲ್ಲ, ಪರದೆಯ ಮೇಲಿನ ಪ್ರಶ್ನೆ ಗುರುತು ಒತ್ತಿದರೆ ಬರುವಂಥವು, ಅದರಲ್ಲಿ ಎಡವಟ್ಟಾಯಿತು. ಹಳೆಯ ಮಷಿನ್ನಿನ ಪುಟಗಳನ್ನೇ ನಕಲು ಮಾಡಿ ತಿದ್ದುವುದು ನಮ್ಮ ಪದ್ಧತಿ. ಒಂದು ಸಾಲು ಬದಲಾದರೆ ಕನ್ನಡ, ಹಿಂದಿ, ಇಂಗ್ಲಿಷು ಎಂದು ಯಾವ ಯಾವ ಫೈಲಿಗೆ ಕೈ ಹಾಕಬೇಕು ಎನ್ನುವುದೆಲ್ಲ ನಿನ್ನ ತಲೆಯಲ್ಲಿತ್ತು. ಆ ತಲೆ ಬಾಣಂತನಕ್ಕೆ ರಾಣೆಬೆನ್ನೂರಿಗೆ ಹೋಯಿತು. ಹೊಸ ಮಷಿನ್ನಿನಲ್ಲಿ ತಕ್ಷಣ ನಿಲ್ಲಿಸುವ ಕೆಂಪು ಗುಂಡಿಯನ್ನು ಬಲಗಡೆಗೆ ತಂದಿದ್ದಾರೆ. ನಮ್ಮ ಹುಡುಗ ಸಿದ್ದಾರ್ಥ್ ಅದನ್ನು ಇಂಗ್ಲಿಷಿನಲ್ಲಿ ತಿದ್ದಿ ಕನ್ನಡದಲ್ಲಿ ಮರೆತ. ಮಷಿನ್ನು ಲಾರಿ ಹತ್ತುವ ಮೊದಲು ಶೇಖರಪ್ಪನವರೇ ನೋಡಿಬಿಟ್ಟರು, ದೇವರು ದೊಡ್ಡವನು. ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿಕೊಂಡು, “ಏನ್ರೀ ಮುನೀಂದ್ರ, ಕೈ ಸಿಕ್ಕಾಕ್ಕೊಂಡೋನು ನಿಮ್ ಪುಟ ಓದ್ಕೊಂಡು ಎಡಗಡೆ ಹುಡುಕ್ತಾ ಕೂತ್ಕೋಬೇಕಾ?” ಎಂದರು. ಅವತ್ತಿನಿಂದ ಅನ್ನ ಸರಿಯಾಗಿ ಇಳಿಯುತ್ತಿಲ್ಲ. ಮುಂದಿನ ಮಷಿನ್ನಿನ ಕೆಲಸ ಬೇಕಾದರೆ ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿಕೊಳ್ಳುವಂಥ ಸರಿಯಾದ ಸಾಫ್ಟ್‌ವೇರ್ ತಗೊಳ್ಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದುಬಿಟ್ಟಿದ್ದಾರೆ.

ತಗೊಳ್ಳಿ ಎನ್ನುವುದು ಸುಲಭ. ಮೊದಲು ಒಂದು ದೊಡ್ಡ ಹೆಸರಿನದನ್ನು ಬಿಟ್ಟಿ ಪರೀಕ್ಷೆಗೆಂದು ಇಳಿಸಿಕೊಂಡೆವು. ಅದರಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ನಿಂತುಬಿಡುತ್ತವೆ, ಬಸ್ ತಪ್ಪಿಸಿಕೊಂಡವರ ಹಾಗೆ. ಸಾಲದ್ದಕ್ಕೆ ಪ್ರತಿ ಪುಟದ ಮೇಲೂ ಓರೆಯಾಗಿ ಅವರ ಕಂಪನಿಯ ಮುದ್ರೆ. ಆಮೇಲೆ ಸಿದ್ದಾರ್ಥ್ ಇನ್ನೊಂದು ತಂದ. “ಅಣ್ಣಾ, ಸಕ್ಕತ್ತಾಗಿದೆ, ಪೂರ್ತಿ ಫ್ರೀ, ಲೈಸೆನ್ಸ್ ಗೋಳೇ ಇಲ್ಲ” ಎಂದ. ಅದರಲ್ಲಿ ಬರೆಯುವುದೆಂದರೆ ಗಣಿತ ಬರೆದ ಹಾಗೆ, ಎಲ್ಲದಕ್ಕೂ ಒಂದೊಂದು ಚಿಹ್ನೆ. ನಿವೇದಿತಾ ಒಂದು ಬೆಳಿಗ್ಗೆ ಒದ್ದಾಡಿ, “ಅಕ್ಷರ ದಪ್ಪ ಆಗ್ಬೇಕು ಅಂದ್ರೆ ಆ ಕಡೆ ಎರಡು ನಕ್ಷತ್ರ ಈ ಕಡೆ ಎರಡು ನಕ್ಷತ್ರ ಹಾಕ್ಬೇಕಂತೆ ಸಾರ್, ನನ್ನ ಜಾತಕದಲ್ಲೇ ಅಷ್ಟಿಲ್ಲ” ಎಂದು ಎದ್ದು ಹೋದಳು. ಅವಳಿಗೆ ನಗು, ನನಗೆ ಬೇರೆ ಭಯ. ಅದು ಸಿದ್ದಾರ್ಥ್‌ಗೊಬ್ಬನಿಗೇ ಬರುತ್ತದೆ. ನಾಳೆ ಯಾರೋ ವೈಟ್‌ಫೀಲ್ಡಿಗೆ ಕರೆದು ಎರಡರಷ್ಟು ಸಂಬಳ ಕೊಟ್ಟರೆ ಅವನು ನಿಲ್ಲುತ್ತಾನೆಯೇ? ಆಗ ನಮ್ಮದೇ ಪುಟಗಳನ್ನು ನಾವೇ ತೆರೆಯಲಾಗದೆ ಬಾಗಿಲಲ್ಲಿ ನಿಲ್ಲಬೇಕು. ಹೀಗೆಂದದ್ದಕ್ಕೆ ಅವನು ನಾಲ್ಕು ದಿನ ಮುಖ ಊದಿಸಿಕೊಂಡಿದ್ದ.

ಈಗ ಮೂರನೆಯದು ನಿಂತಿದೆ. ಕನ್ನಡ ಚೆನ್ನಾಗಿ ಮೂಡುತ್ತದೆ, ಒಂದು ಸಾಲು ತಿದ್ದಿದರೆ ಅದು ಇರುವಲ್ಲೆಲ್ಲ ತಾನೇ ಬದಲಾಗುತ್ತದೆ. ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಮಾರುವ ಕಡೆಯ ಯಮುನಾ ಎಂಬಾಕೆ ದಿನಾ ಫೋನ್ ಮಾಡುತ್ತಾಳೆ. ಲೈಸೆನ್ಸು ಒಬ್ಬೊಬ್ಬರ ಹೆಸರಿಗೆ ಒಂದೊಂದಂತೆ, ಒಂದು ವರ್ಷದ ಮಟ್ಟಿಗೆ. ಒಂದೇ ತಗೊಂಡು ಎಲ್ಲರೂ ಸರದಿಯ ಮೇಲೆ ಕೂರುತ್ತೇವೆ ಎಂದೆ, ನಲ್ಲಿ ನೀರಿಗೆ ಕೂರುವ ಹಾಗೆ. “ಆಗಲ್ಲ ಸಾರ್, ಬಸ್ ಪಾಸ್ ಥರ ಇದು. ಫೋಟೋ ಯಾರ್ದೋ ಅವ್ರೇ ಹತ್ಬೇಕು” ಎಂದಳು. ವರ್ಷ ಮುಗಿಯುವ ತನಕ ಹೆಸರು ಬದಲಾಯಿಸುವಂತಿಲ್ಲ. ಈಗ ಎಷ್ಟು ತಗೊಂಡರೆ ಅಷ್ಟಕ್ಕೆ ರಿಯಾಯಿತಿ, ಆಮೇಲೆ ಸೇರಿಸಿದರೆ ಪೂರ್ತಿ ಬೆಲೆ, ಅದೂ ಈ ತಿಂಗಳ ಕೊನೆಯ ತನಕ ಮಾತ್ರ. ಕರಾರು ಪತ್ರವನ್ನು ಕಳಿಸಿದ್ದಾಳೆ, ಇಂಗ್ಲಿಷಿನಲ್ಲಿ. ಬೆರಳಿಟ್ಟು ಓದುತ್ತೇನೆ. ಒಂದು ಪುಟ ದಾಟುವಷ್ಟರಲ್ಲಿ ಹಿಂದಿನ ಪುಟ ಮರೆತಿರುತ್ತದೆ. ಕೊನೆಯಲ್ಲಿ ಒಪ್ಪಿದೆ ಎಂದು ಒತ್ತುವ ಗುಂಡಿ ಇದೆ, ಅದರ ಮೇಲೆ ಬಾಣ ತಂದು ನಿಲ್ಲಿಸಿ ಕೈ ತೆಗೆಯುತ್ತೇನೆ. ನೀನಿದ್ದಿದ್ದರೆ ಗಟ್ಟಿಯಾಗಿ ಓದಿ, ಇದು ಬರೀ ಹೆದರಿಸೋಕೆ, ಇದನ್ನ ಮಾತ್ರ ನೋಡ್ಕೊ ಅನ್ನುತ್ತಿದ್ದೆ.

ಆದರೆ ಅದಲ್ಲ ನನ್ನನ್ನು ಕಾಡುತ್ತಿರುವುದು. ಮೊದಲ ದಿನವೇ ಆಕೆ, “ಬರೆಯೋರು ಎಷ್ಟು ಜನ ಸಾರ್?” ಎಂದು ಕೇಳಿದಳು. ಮೂರು ಎಂದೆ. ತಡೆದು, ಎರಡು ಎಂದೆ. ಆಮೇಲೆ ನಾಳೆ ಹೇಳ್ತೀನಿ ಎಂದೆ. “ಅದೇನು ಕಷ್ಟದ ಪ್ರಶ್ನೆ ಅಲ್ವಲ್ಲ ಸಾರ್” ಎಂದಳು. ನಾನು ಬರೆಯುವವನಲ್ಲ, ನೋಡುವವನು. ಬರೀ ನೋಡುವುದಕ್ಕೆ ಲೈಸೆನ್ಸು ಬೇಡವಂತೆ. ಸಿದ್ದಾರ್ಥ್ ಒಬ್ಬ, ನಿವೇದಿತಾ ಒಬ್ಬಳು. ಮೂರನೆಯವಳು ನೀನು. ಸಿದ್ದಾರ್ಥ್ ಹೇಳುತ್ತಾನೆ, “ಅತ್ತಿಗೆ ವಾಪಸ್ ಬರೋಷ್ಟ್ರಲ್ಲಿ ವರ್ಷ ಕಳ್ದಿರುತ್ತೆ ಅಣ್ಣಾ. ಖಾಲಿ ಮನೆಗೆ ಯಾರಾದ್ರೂ ಬಾಡಿಗೆ ಕಟ್ತಾರಾ?” ಅಮ್ಮನನ್ನು ಕೇಳಿದರೆ, ಮಗು ಅಂಬೆಗಾಲಿಡೋ ತನಕ ಆಫೀಸಿನ ಹೆಸರು ಎತ್ತಬೇಡ ಎನ್ನುತ್ತಾಳೆ. ಅತ್ತೆಯವರ ಹತ್ತಿರ ಮೊನ್ನೆ ಸುಮ್ಮನೆ ಮಾತು ತೆಗೆದೆ, ನೀನು ಆಗ ಸ್ನಾನಕ್ಕೆ ಹೋಗಿದ್ದೆ. “ಆಕಿ ಎಲ್ಲಿ ಬರ್ತಾಳ್ರೀ? ಇನ್ನ ಕೂಸು ನೋಡ್ಕೊಂಡು ಮನ್ಯಾಗ ಇರ್ತಾಳ. ನಿಮ್ಮ ಮಷಿನ್ ಪುಸ್ತಕ ಯಾರರೆ ಬರೀತಾರ ಬಿಡ್ರಿ” ಎಂದರು. ಯಾರು ಬರೆಯುತ್ತಾರೆ? ನೀನು ಸಾಲು ಓದುವುದು, ನಾನು ಎದುರಿಗೆ ಮಷಿನ್ನು ಇದ್ದ ಹಾಗೆ ಗಾಳಿಯಲ್ಲಿ ಕೈ ಆಡಿಸುವುದು, ನನ್ನ ಕೈ ಎಲ್ಲಿ ತಡೆಯಿತೋ ಆ ಸಾಲು ತಪ್ಪು ಎಂದು ನೀನು ಹೊಡೆದು ಹಾಕುವುದು, ಹಾಗಲ್ಲವೇ ನಾವು ಇಷ್ಟು ಪುಟ ಬರೆದದ್ದು. ಈಗ ನಿವೇದಿತಾ ಓದುತ್ತಾಳೆ. ಪಾಪ, ಒಳ್ಳೆಯ ಹುಡುಗಿ, ಆದರೆ ನನ್ನ ಕೈ ತಡೆದರೂ ಅವಳು ಓದುತ್ತಲೇ ಇರುತ್ತಾಳೆ. ಪಕ್ಕದ ಷೆಡ್ಡಿನವರು ಕಿಟಕಿಯಲ್ಲಿ ನಿಂತು ನಗುತ್ತಾರೆ.

ಏನೇ ಆಗಲಿ, ಯೋಚಿಸಿ ಯೋಚಿಸಿ ತಲೆ ಬಿಸಿಯಾಗಿದೆ. ಎಲ್ಲರೂ ಹೇಳುವುದು ಒಂದೇ ಆದ ಮೇಲೆ ನಾನೊಬ್ಬ ಏಕೆ ಎಳೆದಾಡಬೇಕು? ಎರಡೇ ತಗೊಂಡುಬಿಡುತ್ತೇನೆ. ಸದ್ಯಕ್ಕೆ ಕೆಲಸ ನಡೆದರೆ ಸಾಕು. ನಿನಗೂ ವಿಶ್ರಾಂತಿ ಬೇಕು, ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೆಳ್ಳುಳ್ಳಿ ಜಾಸ್ತಿ ತಿನ್ನು. ಅತ್ತೆಯವರಿಗೂ ಮಾವನವರಿಗೂ ನಮಸ್ಕಾರ ತಿಳಿಸು. ಅಮ್ಮ ನಿನ್ನ ಹೆಸರು, ಮೊಮ್ಮಗಳ ಹೆಸರು ಎರಡನ್ನೂ ಹೇಳಿ ದಿನಾ ದೀಪ ಹಚ್ಚುತ್ತಾಳೆ. ಹೆಸರಿಡದ ಮಗುವಿನ ಹೆಸರು ಏನೆಂದು ಹೇಳುತ್ತಾಳೋ ನಾನು ಕೇಳಿಲ್ಲ. ಮಗಳ ಎರಡೂ ಪಾದಕ್ಕೆ ನನ್ನ ಮುತ್ತು.

ಸದಾ ನಿನ್ನ ಯೋಚನೆಯಲ್ಲೇ ಇರುವ,
ಮುನೀಂದ್ರ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ನಿವೇದಿತಾ ಏನು ಸಾರ್ ಎಂದಳು. ಎರಡು ಅಂತ ತೀರ್ಮಾನ ಮಾಡಿದೆ, ಮೇಡಂಗೆ ತಿಳಿಸ್ತಿದೀನಿ ಎಂದೆ. “ಎಲ್ರನ್ನೂ ಕೇಳಿದ್ರಿ ಸಾರ್. ಮೇಡಂನ ಕೇಳಿದ್ರಾ?” ಎಂದಳು. ಕೇಳಿಲ್ಲ, ಮೇಘಾ. ನಾಲ್ಕು ಪುಟ ಬರೆದೆ, ಕೇಳಲಿಲ್ಲ. ಯಮುನಾಗೆ ಇನ್ನೂ ಏನೂ ಹೇಳಿಲ್ಲ. ನಿನ್ನ ಹೆಸರಿಗೂ ಒಂದು ತಗೊಂಡರೆ ಆ ಲೈಸೆನ್ಸು ಮನೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ಬಾಣಂತನ ಮುಗಿದ ಮೇಲೆ ಮಗು ಮಲಗಿದಾಗ ಒಂದು ಪುಟ ನೋಡಿದರೂ ಆಯಿತು, ನೋಡದಿದ್ದರೂ ಆಯಿತು. ಗುರುವಾರ ಸಂಜೆ ಫೋನಿನಲ್ಲಿ, ತೊಟ್ಟಿಲಿಗೆ ಹಾಕುವ ದಿನ ಬರುವಾಗ ಮಗಳಿಗೆ ಅಂಗಿ ಎರಡು ತರಲೋ ಮೂರು ತರಲೋ ಎಂದು ಕೇಳುತ್ತೇನೆ. ಅತ್ತೆಯವರು ಪಕ್ಕದಲ್ಲೇ ಇರಲಿ. ಹ್ಞೂಂ ಅನ್ನಬೇಡ, ಸಂಖ್ಯೆ ಹೇಳು. ಎರಡು ಅಂದರೆ ನನಗೆ ಬೇಸರವಿಲ್ಲ, ಆಣೆ. ಅಂಗಿ ಮಾತ್ರ ಮೂರು ತಂದಿಟ್ಟಿದ್ದೇನೆ.