ಎಡಗಡೆಯ ಬಾಗಿಲು

ಮಾರ್ಚ್ 4, ಮಧ್ಯಾಹ್ನ

ಅಕ್ಕಿ ನೆನೆಹಾಕಿದೆ. ಕಾಯಿ ತುರಿದೆ. ಸಂಜೆ ಏಳನೇ ದಿನದ ಪ್ರಾರ್ಥನೆ, ಓಣಿಯವರೆಲ್ಲ ಬರುತ್ತಾರೆ. ನಮ್ಮ ಸಾಲಾತಿಗ ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಊಟದ ಡಬ್ಬಿ ಕಟ್ಟುವವಳು ನಾನೇ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಕಟ್ಟಿದ ಡಬ್ಬಿಗಳನ್ನು ಮಾಸ್ ಬಂದು ಕಾರಿಗೆ ತುಂಬಲಿ ಎಂದು ಬಾಗಿಲ ಹತ್ತಿರ ಜೋಡಿಸಿಟ್ಟೆ. ಆಮೇಲೆ ನೆನಪಾಯಿತು. ಪ್ರಾರ್ಥನೆ ಮಾಸ್‌ಗೇ, ನನ್ನ ಗಂಡನಿಗೇ ಅಲ್ಲವೇ.

ಮಾರ್ಚ್ 5

ಮೈದುನ ಬಿಮೊ ಬಂದಿದ್ದ. ಅಪಘಾತವಾದ ಐದು ದಿನದೊಳಗೆ ಇನ್ಶೂರೆನ್ಸಿನವರಿಗೆ ತಿಳಿಸಬೇಕಂತೆ. ಅವನೇ ಫೋನ್ ಮಾಡಿ ಹೇಳಿದ್ದಾನೆ. ಪಾಪ, ಅಣ್ಣನನ್ನು ಮಣ್ಣು ಮಾಡಿ ಬಂದವನು ಅಳುವುದಕ್ಕೂ ಪುರುಸೊತ್ತಿಲ್ಲದೆ ಓಡಾಡುತ್ತಿದ್ದಾನೆ.

ಕಾರಿನ ಪಾಲಿಸಿ ಓದಿ ಹೇಳಿದ. ‘ಟೋಟಲ್ ಲಾಸ್ ಓನ್ಲಿ’. ಅದನ್ನು ಮಾಡಿಸಿದ ದಿನ ಮಾಸ್ ಎಷ್ಟು ಬೀಗಿದ್ದರು… “ಟೋಟಲ್ ಅಂದ್ರೆ ಎಲ್ಲಾ ಸೇರಿ ಕಣೇ. ಒಂದು ಗೀರು ಬಿದ್ರೂ ಕೊಡ್ತಾರೆ.” ನಾನೂ ನಂಬಿದ್ದೆ. ಎಲ್ಲಾ ಸೇರಿ ಅಲ್ಲ, ಎಲ್ಲಾ ಹೋದರೆ ಮಾತ್ರ. ಕಾರು ಕಳವಾಗಬೇಕು, ಇಲ್ಲವೇ ರಿಪೇರಿ ಖರ್ಚು ಕಾರಿನ ಬೆಲೆಯ ಮುಕ್ಕಾಲು ಭಾಗ ದಾಟಬೇಕು. ದಾಟಿದರೆ ದುಡ್ಡು ಕೊಟ್ಟು ಕಾರನ್ನು ಕಂಪನಿಯವರೇ ಒಯ್ಯುತ್ತಾರೆ. ದಾಟದಿದ್ದರೆ ಬಿಡಿಗಾಸಿಲ್ಲ. ಕಾರು ಮನೆಗೆ ವಾಪಸ್.

ದುಡ್ಡು ಹಾಳಾಗಿ ಹೋಗಲಿ. ಆ ಕಾರು ಮಾತ್ರ ಮತ್ತೆ ಈ ಓಣಿಗೆ ಬರಕೂಡದು. ಕಣ್ಣಿಗೆ ಬೀಳಕೂಡದು. ನನಗೆ ಬೇಕಾದದ್ದು ಅಷ್ಟೇ.

ಮಾರ್ಚ್ 11

ಗ್ಯಾರೇಜಿನ ಪಾಕ್ ಗಿಟೊ ಲೆಕ್ಕ ಹಾಕಿದ್ದಾರೆ. ಮುಕ್ಕಾಲಿಗೆ ಸ್ವಲ್ಪ ಕಡಿಮೆ.

ಬಾವೆನ್ ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿ ಗುದ್ದಿದ್ದು ಬಲಗಡೆಗೆ. ಸ್ಟೇರಿಂಗ್ ಇರುವ ಕಡೆ. ಮಾಸ್ ಕೂತಿದ್ದ ಜಾಗದಲ್ಲಿ ಏನೂ ಉಳಿದಿಲ್ಲ. ಎಡಗಡೆ ಗಾಜು ಕೂಡ ಒಡೆದಿಲ್ಲವಂತೆ.

ಎಡಗಡೆ ನನ್ನ ಜಾಗ.

ಮಾರ್ಚ್ 12

ಬಿಮೊ, ಪಾಕ್ ಗಿಟೊ ಇಬ್ಬರೂ ಬಂದರು. ಕಾಫಿ ಕುಡಿದರು. ಮಾತಾಡಲು ಬಂದವರು ಮಳೆ, ಮೆಣಸಿನಕಾಯಿ ರೇಟು ಎಂದು ಏನೇನೋ ಹೇಳುತ್ತಿದ್ದರು. ಕೊನೆಗೆ ಪಾಕ್ ಗಿಟೊ ಬಾಯಿ ಬಿಟ್ಟರು.

“ಬು, ತಪ್ಪು ತಿಳ್ಕೋಬೇಡಿ ಅಮ್ಮಾ. ಇನ್ಶೂರೆನ್ಸ್ ಸರ್ವೇಯರ್ ಇನ್ನೂ ನೋಡಿಲ್ಲ. ಎಡಗಡೆ ಬಾಗಿಲು, ಪಿಲ್ಲರು, ಡ್ಯಾಶ್‌ಬೋರ್ಡು… ಇಷ್ಟು ಹೋದ್ರೆ ಮುಕ್ಕಾಲು ದಾಟ್‌ಬಿಡುತ್ತೆ. ಹೆಂಗೂ ಸತ್ತ ಗಾಡಿ.”

ಹೀಗೆ ಒಡೆಯುವುದು ಎಲ್ಲರೂ ಮಾಡುವುದೇ ಅಂತೆ. ನಾನು ಅತ್ತ ಬರುವುದೇ ಬೇಡ, ಎಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದ ಬಿಮೊ. ಹೂಂ ಅಂದೆ. ಕಾರು ತೊಲಗುತ್ತದಲ್ಲ.

ಮಾರ್ಚ್ 13, ಮಧ್ಯಾಹ್ನ

ಕೂತರೆ ನಿಂತರೆ ಸಮಾಧಾನವಿಲ್ಲ. ಒಲೆ ಮೇಲಿಟ್ಟ ಮೆಣಸಿನ ಚಟ್ನಿ, ಸಾಂಬಲ್, ಸೀದುಹೋಯಿತು. ಇಡೀ ಪಾತ್ರೆ ಚೆಲ್ಲಿದೆ.

ಆ ಎಡಗಡೆ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಮಾಸ್ ಇಳಿದು, ಕಾರು ಸುತ್ತಿ ಬಂದು ತೆಗೆಯಬೇಕು. ಮದುವೆಮನೆಗಳಲ್ಲಿ ಹೆಂಗಸರೆಲ್ಲ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು — ಹೆಂಡತಿಯನ್ನು ಹೇಗೆ ನೋಡಿಕೊಳ್ಳುತ್ತಾನೆ ನೋಡೇ ಅಂತ. ನಾವಿಬ್ಬರೂ ನಗು ತಡೆದುಕೊಳ್ಳುತ್ತಿದ್ದೆವು. ರಿಪೇರಿ ಮಾಡಿಸಿ ಎಂದರೆ ಕೇಳುತ್ತಿರಲಿಲ್ಲ, ಬಂದ ಮರ್ಯಾದೆ ಕಳೆದುಕೊಳ್ಳುತ್ತೀಯಾ ಅನ್ನುತ್ತಿದ್ದರು. ತೊಡೆ ಮೇಲೆ ಸಾಂಬಲ್ ಪಾತ್ರೆ ಇಟ್ಟುಕೊಂಡು ಎಷ್ಟು ಸಲ ದಾರಿಯುದ್ದಕ್ಕೂ ಅಲ್ಲೇ ನಿದ್ದೆ ಮಾಡಿದ್ದೇನೋ. ಗೊರಕೆ ಕೇಳಿ ಗಿರಾಕಿಗಳು ಓಡಿಹೋಗುತ್ತಾರೆ ಎಂದು ರೇಗಿಸುತ್ತಿದ್ದರು.

ಬೇಡ. ನಾಳೆ ಹೋಗಿ ಬೇಡ ಅಂತ ಹೇಳಬೇಕು. ಬಿಮೊ ಫೋನ್ ಎತ್ತುತ್ತಿಲ್ಲ.

ಮಾರ್ಚ್ 14

ಬಾಡಿಗೆ ಬೈಕ್ ಹಿಡಿದು ಗ್ಯಾರೇಜಿಗೆ ಹೋದೆ. ಮುಗಿದುಹೋಗಿತ್ತು.

ಬಿಮೊ ನೆಲದ ಮೇಲೆ ಕೂತಿದ್ದ. ಪಕ್ಕದಲ್ಲಿ ಕಬ್ಬಿಣದ ಸಲಾಕೆ. ಅಂಗೈ ಚರ್ಮ ಕಿತ್ತುಬಂದಿತ್ತು. ನನ್ನನ್ನು ನೋಡಿದ್ದೇ ಚಿಕ್ಕ ಮಗುವಿನಂತೆ ಅತ್ತುಬಿಟ್ಟ.

“ಅತ್ತಿಗೆ, ಮೊದಲ್ನೇ ಏಟು ಹಾಕೋಕೇ ಆಗ್ಲಿಲ್ಲ. ಆಮೇಲೆ ನಿಲ್ಸೋಕೆ ಆಗ್ಲಿಲ್ಲ.”

ಬೈಯಲು ಹೋದವಳು ಅವನ ತಲೆ ಸವರಿ ಬಂದೆ.

ಮಾರ್ಚ್ 19

ಸರ್ವೇಯರ್ ಗ್ಯಾರೇಜಿಗೆ ಬಂದಿದ್ದಳು. ನಾನೂ ಹೋಗಿದ್ದೆ. ಹಪ್ಸಾರಿ ಅಂತ ಹೆಸರು, ಇನ್ನೂ ಚಿಕ್ಕ ವಯಸ್ಸು. ಒಳ್ಳೆಯ ಹುಡುಗಿ. ಮೊದಲು ನನ್ನ ಎರಡೂ ಕೈ ಹಿಡಿದು ಸಂತಾಪ ಹೇಳಿ, ಆಮೇಲೆ ಕ್ಯಾಮೆರಾ ತೆಗೆದಳು. ಪಾಕ್ ಗಿಟೊ ಬಿಡುವಿಲ್ಲದೆ ಮಾತಾಡುತ್ತಿದ್ದರು. ಬಿಮೊ ನೆಲ ನೋಡುತ್ತಿದ್ದ.

ಬಲಗಡೆ ಮುಗಿಸಿ ಎಡಗಡೆಗೆ ಬಂದಳು. ಕುಕ್ಕರಗಾಲಲ್ಲಿ ಕೂತು ಒಳಗೆ ನೋಡಿದಳು. ಅವಳ ಮುಖ ಬಾಡಿತು.

“ಈ ಕಡೆ ಕೂತಿದ್ದವರು, ಬು… ಅವರೂ ಹೋದ್ರಾ?”

ಬಿಮೊ ಏನೋ ಹೇಳಲು ಹೊರಟ. ಅಷ್ಟರಲ್ಲಿ ಅದು ನನ್ನ ಜಾಗ ಅಂದುಬಿಟ್ಟೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಂದು ತರಚು ಗಾಯವೂ ಇಲ್ಲ. ಹಾಳೆ ತಿರುವಿದಳು. ಕಾರಲ್ಲಿ ಒಬ್ಬರೇ ಇದ್ದರು ಅಂತ ಪೊಲೀಸರು ಬರೆದಿದ್ದಾರಲ್ಲ ಎಂದಳು, ಮೆಲ್ಲಗೆ.

ಹೌದು ಅಂದೆ. ಒಬ್ಬರೇ ಇದ್ದರು. ಮನೆಯಲ್ಲಿ ಮರುದಿನದ ಅಡುಗೆ ಇತ್ತು, ಪಾತ್ರೆ ವಾಪಸ್ ಕೊಡುವುದಕ್ಕೆ ಇಬ್ಬರು ಯಾಕೆ ಎಂದು ಅವರೇ ಹೋಗಿದ್ದರು. ಈ ಕಡೆ ಏನೂ ಆಗಿರಲಿಲ್ಲ. ಒಡೆದದ್ದು ನಾವು. ಎಲ್ಲ ಹೇಳಿದೆ. ಪಾಕ್ ಗಿಟೊ ಎದ್ದು ಒಳಗೆ ಹೋದರು. ಬಿಮೊ ತಲೆ ಮೇಲೆ ಕೈ ಹೊತ್ತು ಕೂತ.

ಸುಮ್ಮನಿದ್ದಿದ್ದರೆ ಕಾರು ಹೋಗುತ್ತಿತ್ತು. ನನಗೂ ಗೊತ್ತು. ಆದರೆ ಆ ಲಾರಿ ನನ್ನ ಕಡೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ದಿನಾ ಬೆಳಗಾಗೆದ್ದು ಅಂದುಕೊಳ್ಳುತ್ತೇನೆ. ಬರಲಿಲ್ಲವಲ್ಲ. ಬಂದಿತ್ತು ಎಂದು ಸುಳ್ಳು ಬರೆಸಿ, ಅದಕ್ಕೆ ದುಡ್ಡು ತೆಗೆದುಕೊಂಡು ಬದುಕುವುದು ನನ್ನಿಂದ ಆಗದು.

ಏಪ್ರಿಲ್ 2

ಕ್ಲೇಮ್ ಆಗುವುದಿಲ್ಲ ಎಂದು ತಿಳಿಸಿದ್ದಾರೆ. ಪೊಲೀಸ್ ದೂರು ಕೊಟ್ಟಿಲ್ಲ — ಆ ಹುಡುಗಿಯ ಪುಣ್ಯ. ಬಿಮೊ ಮಾತು ಬಿಟ್ಟಿದ್ದಾನೆ. ಬಿಡಲಿ.

ಬೆಳಗ್ಗೆ ಕಾರು ಬಂತು. ಬೇರೆ ಗಾಡಿ ಎಳೆದು ತಂದಿತು. ಓಣಿಯ ಗಂಡಸರು ನಾಲ್ಕು ಜನ ಸೇರಿ ಸದ್ದಿಲ್ಲದೆ ತಳ್ಳಿ ಮನೆಮುಂದೆ ನಿಲ್ಲಿಸಿದರು. ನಾನು ಹೊರಗೆ ಬರಲಿಲ್ಲ. ಕಿಟಕಿ ಹಾಕಿಕೊಂಡು ಬಾಳೆಲೆ ಒರೆಸುತ್ತ ಕೂತೆ. ಒರೆಸಿದ್ದನ್ನೇ ಒರೆಸಿದೆ.

ಸಂಜೆ

ಹೋದೆ. ನನ್ನ ಜಾಗದಲ್ಲಿ ಕೂತೆ. ಸೀಟಿನ ತುಂಬ ಗಾಜಿನ ಚೂರು, ಸೆರಗಿನಲ್ಲಿ ಗುಡಿಸಿ ಕೂತೆ. ಬಲಗಡೆಗೆ ತಿರುಗಲು ಧೈರ್ಯ ಬರಲಿಲ್ಲ. ಆಮೇಲೆ ತಿರುಗಿದೆ.

ಇಷ್ಟು ಹತ್ತಿರ. ಕೈ ಚಾಚಿದರೆ ಸಿಗುವಷ್ಟು. ಲಾರಿ ಗುದ್ದಿದ ಮೇಲೂ ಮಾಸ್‌ಗೆ ಸ್ವಲ್ಪ ಹೊತ್ತು ಎಚ್ಚರ ಇತ್ತಂತೆ, ಆಸ್ಪತ್ರೆಯವರು ಹೇಳಿದ್ದರು. ಹಾಗಾದರೆ ಈ ಕಡೆ ತಿರುಗಿರುತ್ತಾರೆ. ನಾನು ಇಲ್ಲಿದ್ದೇನೆ ಎಂದುಕೊಂಡು ಕೈ ಚಾಚಿ…