ಮೆಟ್ಟಿಲ ಕೆಳಗಿನ ಕೋಣೆ

ಅತ್ತೆ,

ಕನ್ನಡಕ ಹಾಕ್ಕೊಂಡು ಇದನ್ನ ಪೂರ್ತಿ ಓದಿ, ಅರ್ಧಕ್ಕೇ ಮಡಚಿಡಬೇಡಿ.

ಹನ್ನೊಂದಕ್ಕೆ ಭಾವ ಬರ್ತಾರೆ. "ಬರೀ ಮನೆ ಕಂದಾಯದ ಕಾಗದ, ಇಲ್ಲೊಂದು ಸಹಿ ಹಾಕಮ್ಮ" ಅಂತಾರೆ. ಹಾಕಬೇಡಿ. ಹೆತ್ತ ಮಗ ತಾನೇ ಅಂತ ಕರಗಿಬಿಡಬೇಡಿ. ಟೀ ಬೇಕಾದ್ರೆ ಕೊಡಿ, ಪೆನ್ನು ಮಾತ್ರ ಮುಟ್ಟಬೇಡಿ.

ನಿನ್ನೆ ಕಂದಾಯ ಜಾಸ್ತಿ ಹಾಕಿದ್ದಾರೆ ಅಂತ ಜಗಳ ಆಡೋಕೆ ಆಫೀಸಿಗೆ ಹೋಗಿದ್ದೆನಲ್ಲ, ಗುಮಾಸ್ತ ಈ ಮನೆಯ ಹಳೇ ಕಡತ ತೆಗೆದು ಮುಂದಿಟ್ಟ. ಮಾಲೀಕರು ಅನ್ನೋ ಕಡೆ ಇರೋದು ನಿಮ್ಮ ಹೆಸರು! ಮಾವ ಬದುಕಿದ್ದಾಗಲೇ ಮಾಡಿಸಿಟ್ಟಿದ್ದಾರೆ. ಭಾವನಿಗೂ ಗೊತ್ತು. ಹೋದ ತಿಂಗಳೇ ಅದರ ನಕಲು ತಗೊಂಡು ಹೋಗಿದ್ದಾರೆ. ರಿಜಿಸ್ಟರಲ್ಲಿ ಅವರ ಸಹಿ ಕಣ್ಣಾರೆ ಕಂಡೆ.

ಈಗ ನಾನೂ ಸೀಲು ಹಾಕಿದ ನಕಲು ತರೋಕೆ ಹೊರಟೆ. ಹನ್ನೆರಡರೊಳಗೆ ಬರ್ತೀನಿ. ಅಲ್ಲೀವರೆಗೂ ಏನು ಕೇಳಿದ್ರೂ "ಸೊಸೆ ಬರಲಿ" ಅನ್ನಿ. ಬೈದ್ರೆ ನನ್ನನ್ನೇ ಬೈಯಲಿ, ನನಗೆ ರೂಢಿ ಇದೆ.

ಇನ್ನೊಂದು ವಿಷಯ. ರಾತ್ರಿಯೇ ಹೇಳ್ಬೇಕಿತ್ತು. ಕಡತದಲ್ಲಿ ಮನೆಯ ನಕ್ಷೆಯೂ ಇದೆ. ಮೆಟ್ಟಿಲ ಕೆಳಗಿನ ಕೋಣೆಗೆ "ಸಾಮಾನು ಇಡುವ ಜಾಗ, ವಾಸಕ್ಕೆ ಯೋಗ್ಯವಲ್ಲ" ಅಂತ ಬರೆದು ಕಂದಾಯವನ್ನೇ ಬಿಟ್ಟಿದ್ದಾರೆ. ಎಂಟು ವರ್ಷದಿಂದ ನೀವು ಮಲಗ್ತಿರೋದು ಅಲ್ಲೇ. ಮನೆ ನಮ್ಮದು, ಜಾಗ ಕೊಟ್ಟಿದ್ದೇ ಹೆಚ್ಚು ಅಂದ್ಕೊಂಡು ಮಲಗಿಸಿದವಳು ನಾನು.

ನಿಮ್ಮ ಹಾಸಿಗೆಯನ್ನ ನಮ್ಮ ರೂಮಿನ ಕಿಟಕಿ ಪಕ್ಕ ಹಾಕಿದ್ದೇನೆ. ಭಾವ ಬಂದಾಗ ಅಲ್ಲೇ ಕೂತು ಮಾತಾಡಿಸಿ.