ಕೊನೆಯ ಸಾಲಿನ ಪದ

ಮಾರ್ಚ್ ೯, ಭಾನುವಾರ ಬೆಳಿಗ್ಗೆ
ಅಡುಗೆಮನೆಯ ಮೇಜು

ನನ್ನ ಚಿಲ್ಲರೆಗೆ,

ಈ ಹೆಸರು ಕಂಡು ಮುಖ ಗಂಟು ಹಾಕಿಕೊಳ್ಳಬೇಡ. ಹಾಗೆ ಕರೆಯುತ್ತಿದ್ದವರು ಹೋದರು. ಹೆಸರನ್ನು ಬಳಕೆಯಲ್ಲಿಡಲು ಈಗ ನಾನೊಬ್ಬಳೇ ಇರುವುದು. ನೀನು ಹುಟ್ಟಿದ ದಿನ ನಿಮ್ಮಪ್ಪ ಡ್ಯೂಟಿ ಮುಗಿಸಿ ಆಸ್ಪತ್ರೆಗೆ ಓಡಿ ಬಂದು, ಹೆಗಲಿನ ಕಂಡಕ್ಟರ್ ಬ್ಯಾಗನ್ನೂ ತೆಗೆಯದೆ ನಿನ್ನನ್ನು ಎತ್ತಿಕೊಂಡು, "ಅಯ್ಯೋ, ಇಷ್ಟೇ ಇಷ್ಟು ಇದ್ದಾಳಲ್ಲೇ, ಚಿಲ್ಲರೆ ಥರ" ಅಂದಿದ್ದರು. ಗೆಳತಿಯರ ಮುಂದೆ ಹಾಗೆ ಕರೀಬೇಡಿ ಎಂದು ಹೈಸ್ಕೂಲಿನಲ್ಲಿ ನೀನು ಅತ್ತಾಗ, "ಸರಿ ಬಿಡಮ್ಮ, ನಾಳೆಯಿಂದ ನೋಟು ಅಂತೀನಿ" ಅಂದು ನಗಿಸಿದ್ದರು.

ಫೋನು ನೀನು ಎತ್ತುವುದಿಲ್ಲ. ಅದಕ್ಕೇ ಕಾಗದ. ನಿನ್ನ ರೂಮಿನ ಹುಡುಗಿ ಎಲ್ಲ ಹೇಳಿದಳು. ಪ್ರೋಗ್ರಾಂ ಬರೆಯುವ ಕೆಲಸ ಬಿಟ್ಟು, ಹಲ್ಲಿನ ಡಾಕ್ಟರ ಹತ್ತಿರ ಬಂದವರ ಹೆಸರು ಬರೆದುಕೊಳ್ಳುತ್ತಾ ಕೂತಿದ್ದೀಯಂತೆ. "ಕಂಪ್ಯೂಟರ್ ಮುಟ್ಟೋದೇ ಇಲ್ಲ ಆಂಟಿ, ಹೆಸರು ಕೂಡ ಪುಸ್ತಕದಲ್ಲೇ ಬರೀತಾಳೆ" ಅಂದಳು. ನನಗೆ ಆ ದಿನ ಊಟ ಸೇರಲಿಲ್ಲ.

ನಿನ್ನಿಂದ ನನಗೊಂದು ಕೆಲಸ ಆಗಬೇಕು. ಅದನ್ನು ಕೇಳುವ ಮೊದಲು ನಾನು ಒಪ್ಪಿಕೊಳ್ಳಬೇಕಾದದ್ದು ಸ್ವಲ್ಪ ಇದೆ. ನಿಧಾನವಾಗಿ ಓದು.

ನಿಮ್ಮಪ್ಪನಿಗೆ ಬಲಗೈಯೂ ಮಾತೂ ಒಂದೇ ದಿನ ಹೋದವು. ಇಪ್ಪತ್ತಾರು ವರ್ಷ ನಿಲ್ದಾಣಗಳ ಹೆಸರು ಕೂಗಿದ ಗಂಟಲು. ತಲೆ ಆಡಿಸಿ ಹೇಳಿ ಅಂದರೆ ಹೌದು ಯಾವುದು, ಅಲ್ಲ ಯಾವುದು ಎಂದು ಅವರಿಗೇ ಬೆರೆತುಹೋಗುತ್ತಿತ್ತು. ಆಗ ನೀನು ನಿನ್ನ ಕಾಲೇಜಿನ ಹಳೆಯ ಕಂಪ್ಯೂಟರನ್ನು ಮಂಚದ ಪಕ್ಕಕ್ಕೆ ತಂದಿಟ್ಟು, ಪರದೆಯ ಮೇಲೆ ಎಂಟು ಬಟನ್ ಮಾಡಿಕೊಟ್ಟೆ. ಒಂದೊಂದಕ್ಕೂ ನನ್ನ ದನಿಯನ್ನೇ ಹಿಡಿದಿಟ್ಟೆ. ನೀರು, ಊಟ, ಕಿಟಕಿ, ನೋವು... ಎಡಗೈಯಲ್ಲಿ ಮೌಸ್ ಹಿಡಿಯಲು ಅವರು ಒಂದು ವಾರ ಕಲಿತರು. ಮೊದಲ ಸಲ "ನೀರು" ಎಂದು ಕೇಳಿಸಿದಾಗ ಬಾಯಾರದಿದ್ದರೂ ಆರು ಲೋಟ ಕುಡಿದರು.

ಆದರೆ ಎಂಟು ಪದದಲ್ಲಿ ಮನುಷ್ಯ ಬದುಕುವುದುಂಟೆ? ನಾನು ವಾರವಾರವೂ ಒಂದೊಂದು ಪದ ಬೇಕು ಅನ್ನುತ್ತಿದ್ದೆ, ನೀನು ಎರಡು ಗಂಟೆ ಪ್ರಯಾಣ ಮಾಡಿ ಬಂದು ಒಂದು ಬಟನ್ ಕೂರಿಸಿ ಹೋಗುತ್ತಿದ್ದೆ. ಅದಕ್ಕೇ ಜನವರಿಯ ಆ ಭಾನುವಾರ ಹೊಸದನ್ನು ತಂದೆ. "ಇನ್ನು ನೀನೇ ಪಟ್ಟಿ ಬರಿ ಅಮ್ಮ. ಸಾಲಿಗೊಂದು ಪದ. ಎಷ್ಟು ಸಾಲು ಇರುತ್ತೋ ಅಷ್ಟು ಬಟನ್ ತಾವಾಗೇ ಹುಟ್ಕೋತವೆ" ಅಂದೆ. "ನೀರು" ಅಂತ ಒಂದು ಸಾಲು ಬರೆದು, ಒತ್ತಿ, ಕೇಳಿಸಿ, ಸರಿಯಿದೆ ಎಂದು ನೋಡಿದೆ. ಇನ್ನೂ ಎರಡು ಮೂರು ಪದ ಹಾಕಿ ನೋಡ್ತೀನಿ ಅಂದವಳನ್ನು, "ಆರು ಗಂಟೆ ಬಸ್ಸು ತಪ್ಪುತ್ತೆ, ಏಳೇ" ಎಂದು ಎಬ್ಬಿಸಿ ಕಳಿಸಿದವಳು ನಾನು. ಇದು ಮೊದಲನೆಯದು. ನೀನು ಇದನ್ನು ಮರೆತಿದ್ದೀಯೆ. ನಾನು ಮರೆತಿಲ್ಲ.

ಆ ಸಂಜೆ ಕೂತು ಉಳಿದ ಇಪ್ಪತ್ತೆರಡು ಪದ ಬರೆದೆ, ದನಿ ಕೊಟ್ಟೆ. ಮಾರನೆಯ ದಿನದಿಂದ ಅವರು ಏನೇ ಒತ್ತಲಿ, "ಸಾಕು." ಒಂದೇ ಮಾತು, ನನ್ನದೇ ದನಿ. ಊಟ ತಂದರೆ ಸಾಕು. ಕಾಲು ನೀವಲು ಹೋದರೆ ಸಾಕು. ಮೌಸನ್ನು ಮೇಜಿಗೆ ಕುಕ್ಕಿದರು, ಪರದೆಗೆ ಬೆರಳು ತೋರಿಸಿ ಗುರ್ ಅಂದರು. ಅವರಿಗೆ ಬದುಕಿನ ಮೇಲೆ ಸಿಟ್ಟು ಬಂದಿದೆ ಅಂದುಕೊಂಡೆ. ಮೂರನೆಯ ದಿನ ನೀನು ಫೋನ್ ಮಾಡಿ ರಜೆ ಹಾಕಿ ನಾಳೆ ಬರ್ತೀನಿ ಅಂದಾಗ, "ಎಲ್ಲದಕ್ಕೂ ಸಾಕು ಸಾಕು ಅಂತಿದ್ದಾರೆ ಕಣೆ, ನೀನು ಬರೋದಕ್ಕೂ ಹಾಗೇ ಅಂದ್ರು, ಮುಂದಿನ ವಾರ ಬಾ" ಅಂದೆ. ನೀನು ಸರಿ ಅಮ್ಮ ಅಂದು ಫೋನ್ ಇಟ್ಟೆ. ಅವರು ಮರುದಿನ ಬೆಳಿಗ್ಗೆಯೇ ಹೋದರು.

ಹತ್ತು ದಿನದ ಮೇಲೆ ನೀನು ಕಂಪ್ಯೂಟರ್ ಮುಂದೆ ಕೂತು "ನೀರು" ಒತ್ತಿದ್ದು, "ಕಿಟಕಿ" ಒತ್ತಿದ್ದು, ಎರಡಕ್ಕೂ ಸಾಕು ಎಂದೇ ಬಂದದ್ದು ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು. "ಅಮ್ಮ, ಅಪ್ಪ ಒಂದು ಮಾತೂ ಆಡಲೇ ಇಲ್ಲ. ನಾನು ಅವರ ಬಾಯಿ ಹೊಲಿದುಬಿಟ್ಟೆ" ಅಂದೆ. ನೋಟ್‌ಬುಕ್ಕಿನಲ್ಲಿ ಏನೋ ಬರೆದು, ಗೀಚಿ, ಚೀಲ ಎತ್ತಿಕೊಂಡು ಹೊರಟೆ. ನಿನ್ನ ನೀಲಿ ನೋಟ್‌ಬುಕ್ ಇಲ್ಲೇ ಉಳಿಯಿತು.

ನಾನು ಓದಿದ್ದು ಏಳನೆಯ ತರಗತಿ. ಆದರೂ ತಿಳಿದುಕೊಳ್ಳಲೇಬೇಕು ಅನ್ನಿಸಿತು. ಒಂದು ಮಧ್ಯಾಹ್ನ ಕೂತು ಪಟ್ಟಿಯ ಕೊನೆಗೆ "ನೀರು" ಇಟ್ಟೆ. ಎಲ್ಲ ಬಟನ್ನೂ ನೀರು ಅಂದವು. "ಕಿಟಕಿ" ಇಟ್ಟೆ. ಎಲ್ಲವೂ ಕಿಟಕಿ. ಆಗ ನಿನ್ನ ನೋಟ್‌ಬುಕ್ಕಿನ ಕೊನೆಯ ಪುಟ, ಅವರು ಹೋದ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದು, ಅರ್ಥವಾಯಿತು. ನನ್ನ ಬುದ್ಧಿಗೆ ಬಂದ ಹಾಗೆ ಹೇಳುತ್ತೇನೆ, ತಪ್ಪಿದ್ದರೆ ನಗು.

ಒಬ್ಬ ಕಂಡಕ್ಟರು ಬಸ್ಸಿನಲ್ಲಿ ಇಪ್ಪತ್ತಮೂರು ಜನಕ್ಕೆ ಟಿಕೆಟ್ ಕೊಟ್ಟ. ಟಿಕೆಟ್ ಮೇಲೆ ಅವರವರು ಇಳಿಯುವ ನಿಲ್ದಾಣ ಬರೆಯುವ ಬದಲು, "ಮುಂದುಗಡೆ ಬೋರ್ಡು ನೋಡಿ" ಎಂದು ಬರೆದ. ಬೋರ್ಡಿನಲ್ಲಿ ಒಂದೊಂದೇ ಹೆಸರು ಬದಲಾಗುತ್ತಾ ಹೋಗಿ, ಟಿಕೆಟ್ ಕೊಟ್ಟು ಮುಗಿಯುವ ಹೊತ್ತಿಗೆ ಕೊನೆಯ ನಿಲ್ದಾಣದ ಹೆಸರು ನಿಂತಿತು. ಆಮೇಲೆ ಯಾರು ನೋಡಿದರೂ ಅದೇ. ನೀನು ಪರೀಕ್ಷೆ ಮಾಡಿದಾಗ ಬಸ್ಸಿನಲ್ಲಿ ಇದ್ದದ್ದು ಒಬ್ಬನೇ ಪ್ರಯಾಣಿಕ. ಅವನಿಗೆ ಕೊನೆಯ ನಿಲ್ದಾಣವೇ ಸರಿಯಾದ ನಿಲ್ದಾಣ. ಹೇಗೆ ಗೊತ್ತಾಗಬೇಕಿತ್ತು ನಿನಗೆ? ಪ್ರತಿ ಬಟನ್ನಿಗೂ ಅದರ ಪದವನ್ನು ಹುಟ್ಟುವಾಗಲೇ ಕಟ್ಟಬೇಕು, ಒತ್ತಿದಾಗ ಬೋರ್ಡನ್ನಲ್ಲ, ಒತ್ತಿಸಿಕೊಂಡ ಬಟನ್ನನ್ನೇ ನೀನು ಯಾರು ಎಂದು ಕೇಳಬೇಕು. ಹೀಗೇ ಅಲ್ಲವೇ ನೀನು ಬರೆದಿರುವುದು? ನಾಲ್ಕು ಸಾಲಿನ ಕೆಲಸ ಎಂದೂ ಅದರ ಕೆಳಗೆ ಬರೆದಿದ್ದೀಯೆ. ಆಮೇಲೆ ಆ ನಾಲ್ಕು ಸಾಲನ್ನು ಕಾಗದ ಹರಿಯುವಷ್ಟು ಗೀಚಿದ್ದೀಯೆ.

ನಿಮ್ಮಪ್ಪ ಕೇಳಿದ್ದರೆ ಏನೆನ್ನುತ್ತಿದ್ದರು ಗೊತ್ತೇ? "ಎಲ್ಲರನ್ನೂ ಡಿಪೋಗೆ ಕರ್ಕೊಂಡು ಹೋಗಿಬಿಟ್ಟಳಲ್ಲೇ ನಮ್ಮ ಚಿಲ್ಲರೆ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರಿಗೆ ಮನೆಯೂ ಬಸ್ಸೇ. ಮದುವೆಯಾದ ಹೊಸದರಲ್ಲಿ ತಟ್ಟೆಯ ಅಂಚಿಗೆ ಬೆರಳಿನಿಂದ ಎರಡು ಸಲ ಕುಟ್ಟಿದರೆ ಬಡಿಸು, ಒಂದು ಸಲ ಕುಟ್ಟಿದರೆ ನಿಲ್ಲಿಸು ಅಂತ. ಗಂಟೆಯ ಹಗ್ಗ ಎಳೆದು ಎಳೆದು ಕೈಗೆ ಅದೇ ರೂಢಿ. "ಇದೇನು ಮನೇನೋ ಬಸ್ಸೋ, ಬಾಯಿ ಬಿದ್ದುಹೋಗಿದೆಯಾ ನಿನಗೆ" ಎಂದು ನಿಮ್ಮಜ್ಜಿ ಗದರುತ್ತಿದ್ದರು.

ಈಗ ಎರಡನೆಯದು.

ಪಟ್ಟಿಯಲ್ಲಿ "ಸಾಕು" ಎಂಬ ಪದ ಬೇಕು ಎಂದು ಅವರು ಕೇಳಿರಲಿಲ್ಲ. ಬೇರೆಲ್ಲ ಪದ ಮುಗಿಸಿದ ಮೇಲೆ ಕೊನೆಯ ಸಾಲಿನಲ್ಲಿ ನಾನೇ ಬರೆದೆ. ಅಂದು ಅವರ ಬಟ್ಟೆ ಮೂರು ಸಲ ಬದಲಾಯಿಸಿದ್ದೆ, ಬೆನ್ನು ಬಿಟ್ಟುಹೋಗಿತ್ತು. ಆ ಪದಕ್ಕೆ ದನಿ ಕೊಡುವಾಗ ನನಗೆ ಅಳು ಬಂದಿತ್ತು, ಎರಡನೆಯ ಸಲ ಹೇಳಿ ಸರಿಮಾಡಿದೆ. ಮೂರು ದಿನ ಆ ಮಾತು ಕೇಳಿದೆನಲ್ಲ, ಒಂದು ಸಲವಾದರೂ ನಾನೇ ಒಂದು ಬಟನ್ ಒತ್ತಿ ನೋಡಬಹುದಿತ್ತು. ಅವರ ಮಾತನ್ನು ನಾನು ಮುಟ್ಟಬಾರದು ಎಂದು ಸುಮ್ಮನಿದ್ದೆ ಎಂದು ನಿನಗೆ ಹೇಳಿದ್ದೆ. ಅದು ಅರ್ಧ ನಿಜ. ಉಳಿದರ್ಧ, ಅವರೇ ಸಾಕು ಅಂದದ್ದು ನನಗೆ ಒಂದು ರೀತಿ ಸಮಾಧಾನ ಕೊಟ್ಟಿತ್ತು. ಸಾಕಾಗಿದ್ದು ನನಗೆ, ಮಗಳೇ. ಯಂತ್ರ ತಪ್ಪು ಹೇಳಿತು, ನಾನು ಅದನ್ನು ನಂಬಲು ಕಾದು ಕೂತಿದ್ದೆ. ಈ ಹೊರೆಯನ್ನು ನೀನೊಬ್ಬಳೇ ಹೊತ್ತುಕೊಂಡು ತಿರುಗುವುದನ್ನು ಇನ್ನು ನೋಡಲಾರೆ.

ಕೆಲಸ ಇಷ್ಟು. ಅಪ್ಪನ ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಮೇಡಂ ಮೊನ್ನೆ ಬಂದಿದ್ದರು. ಅವರ ಹತ್ತಿರ ಹೊಸದಾಗಿ ಒಬ್ಬರು ಬರುತ್ತಾರಂತೆ. ಶಾಲೆಯ ಟೀಚರು, ನನ್ನ ವಯಸ್ಸು. ಮೂವತ್ತು ವರ್ಷ ಮಕ್ಕಳಿಗೆ ಗದ್ದಲ ಮಾಡಬೇಡಿ ಎಂದವರಿಗೆ ಈಗ ಒಂದು ಅಕ್ಷರ ಹೊರಡುವುದಿಲ್ಲ. "ನಿಮ್ಮ ಮಗಳು ಮಾಡಿದ್ದು ಕೊಡ್ತೀರಾ?" ಎಂದು ಕೇಳಿದರು. ಅದರಲ್ಲಿ ಒಂದು ಐಬಿದೆ, ಸರಿಮಾಡಿ ಕೊಡುತ್ತಾಳೆ ಅಂದೆ. ನಿನ್ನನ್ನು ಕೇಳದೆಯೇ ಮಾತು ಕೊಟ್ಟೆ. ಬೈಯಬೇಕಾದರೆ ಬಂದು ಬೈ.

ನಾಲ್ಕು ಸಾಲು. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಈ ಸಲ ಇಪ್ಪತ್ತಮೂರನ್ನೂ ಒತ್ತಿ ನೋಡೋಣ. ಬಸ್ಸು ತಪ್ಪಿದರೆ ತಪ್ಪಲಿ, ಹಾಸಿಗೆ ಹಾಸಿಕೊಡುತ್ತೇನೆ.

ನಿನ್ನ
ಅಮ್ಮ

ಮತ್ತೆ: ಒಂದು ವಿಷಯ ಬೇಕೆಂದೇ ಕೊನೆಗೆ ಉಳಿಸಿದ್ದೇನೆ. ಯಾವ ಹೊತ್ತಿನಲ್ಲಿ ಯಾವ ಮಾತು ಎಂದು ಕಂಪ್ಯೂಟರೇ ಸೆಕೆಂಡಿನ ಸಮೇತ ಬರೆದಿಡುವ ಫೈಲು ಮೇಡಂಗೆ ತೋರಿಸಲೆಂದು ಇಟ್ಟಿದ್ದೆಯಲ್ಲ, ಪುಟದ ತುಂಬ ಸಾಕು ಸಾಕು ಎಂದು ಕಂಡು ನೀನು ಮುಚ್ಚಿಬಿಟ್ಟೆ. ನಾನು ಅದನ್ನು ನನ್ನ ದಿನಚರಿಯ ಪಕ್ಕ ಇಟ್ಟುಕೊಂಡು ನಾಲ್ಕು ದಿನ ಓದಿದೆ. ನಾನು ಏನೇನು ಕೇಳಿದೆ, ಎಷ್ಟು ಹೊತ್ತಿಗೆ ಎಂದು ದಿನಚರಿಯಲ್ಲಿದೆ, ಬರೆದಿಡಿ ಎಂದು ಮೇಡಂ ಹೇಳಿದ್ದರು. ಮೊದಲ ದಿನ ಅವರು ಸಿಕ್ಕಾಪಟ್ಟೆ ಒತ್ತಿದ್ದಾರೆ. ಎರಡನೆಯ ದಿನದಿಂದ ಹಾಗಿಲ್ಲ. ಕಿಟಕಿ ತೆಗೀಲಾ ಅಂದಾಗ ಎರಡು ಸಲ. ಇನ್ನೊಂದು ತುತ್ತು ಅಂದಾಗ ಒಂದು ಸಲ. ನಿನ್ನ ದೊಡ್ಡಪ್ಪನಿಗೆ ಹೇಳಿ ಕಳಿಸಲಾ ಅಂದಾಗ ಒಂದೇ ಒಂದು ಸಲ, ಅದೂ ತಕ್ಷಣ (ನಗಬೇಡ). ಯಂತ್ರಕ್ಕೆ ಬರುವುದು ಒಂದೇ ಮಾತು ಎಂದು ನಮಗಿಂತ ಮೊದಲೇ ತಿಳಿದುಕೊಂಡು, ಅದನ್ನೇ ಗಂಟೆ ಮಾಡಿಕೊಂಡಿದ್ದರು. ಅವರು ಮಾತು ಆಡಿದ್ದಾರೆ. ನಾನು ಪದ ಕೇಳುತ್ತಾ ಎಣಿಸುವುದನ್ನು ಮರೆತಿದ್ದೆ.

ಮೂರನೆಯ ದಿನ, ಸಂಜೆ ನಾಲ್ಕು ಹನ್ನೆರಡು. ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, "ಚಿಲ್ಲರೆ ನಾಳೆ ಬರ್ತಾಳಂತೆ, ಬಾ ಅನ್ನಲಾ?" ಎಂದು ಕೇಳಿದ್ದೆ. ಫೈಲಿನಲ್ಲಿ ಇರುವುದನ್ನು ಹಾಗೇ ಬರೆಯುತ್ತಿದ್ದೇನೆ. ಎಂಟನೆಯ ಸೆಕೆಂಡು, ಒಂಬತ್ತನೆಯ ಸೆಕೆಂಡು. ಹದಿನೈದು, ಹದಿನಾರು. ಇಪ್ಪತ್ತೆರಡು, ಇಪ್ಪತ್ತಮೂರು. ನಾನು ಫೋನ್ ಇಟ್ಟ ಮೇಲೂ ನಿಲ್ಲಿಸಿಲ್ಲ. ಎರಡು, ಎರಡು, ಎರಡು.